ನಲವತ್ತೆಂಟರ ಜೂನಿಯರ್

ಮೂರು ವರ್ಷದ ಎಲ್‌ಎಲ್.ಬಿ. ತರಗತಿಯಲ್ಲಿ ಹುಡುಗರು ಅವರನ್ನು 'ಕಾಕೂ' (ಚಿಕ್ಕಮ್ಮ) ಎಂದೇ ಕರೆಯುತ್ತಿದ್ದರು. ಸೇರುವಾಗ ವಯಸ್ಸು ನಲವತ್ತೈದು. ಗಡಹಿಂಗ್ಲಜದ ಮನೆಯಲ್ಲಿ ಮಾತು ಕನ್ನಡ, ಶಾಲೆ ಕಲಿತದ್ದು ಮರಾಠಿಯಲ್ಲಿ, ಈಗ ಕೈಗೆ ಬಂದ ಬೇರ್ ಆ್ಯಕ್ಟ್ ಇಂಗ್ಲಿಷಿನಲ್ಲಿ. ದ್ವಿತೀಯ ಸೆಮಿಸ್ಟರಿನ ಪರೀಕ್ಷೆ ಹತ್ತಿರ ಬಂದಾಗ ಡಿಪ್ಲೊಮಾ ಓದುವ ಮಗ ವೇಳಾಪಟ್ಟಿ ಹಿಡಿದುಕೊಂಡು ಅಡುಗೆಮನೆಗೆ ಬಂದನಂತೆ. "ಅವ್ವಾ, ನಿನ್ನ ಪೇಪರ್ ಇದ್ದ ದಿವಸನ ನಂದೂ ಐತಿ. ಡಬ್ಬಿ ಯಾರ ಕಟ್ಟೂದು?" ಹಜಾರದಲ್ಲಿ ಪೇಪರ್ ಓದುತ್ತಿದ್ದ ಅಪ್ಪ ತಲೆ ಎತ್ತಲಿಲ್ಲ. ಆ ದಿನ ಡಬ್ಬಿ ಕಟ್ಟಿದ್ದು ಅತ್ತೆ.

ಇಂಥವರು ಈ ಭಾಗದಲ್ಲಿ ಒಬ್ಬಿಬ್ಬರಲ್ಲ. ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರೂ ಊರುಗಳ ಕೋರ್ಟಿನ ಆವರಣದಲ್ಲಿ ಹೊಸ ಕರಿ ಕೋಟು, ಹಳೆ ಮುಖ ಆಗಾಗ ಕಾಣಿಸುತ್ತವೆ. ಬ್ಯಾಂಕಿನಿಂದ ಸ್ವಯಂನಿವೃತ್ತಿ ಪಡೆದವರು, ಸೊಸೈಟಿ ಕಾರ್ಯದರ್ಶಿಗಳು, ನಿವೃತ್ತ ಪೊಲೀಸರು, ಮಕ್ಕಳು ದೊಡ್ಡವರಾದ ಮೇಲೆ ಪುಸ್ತಕ ತೆಗೆದ ಹೆಣ್ಣುಮಕ್ಕಳು. ಅವರ ಬಗ್ಗೆ ಬರೆಯುವವರು ಸಾಮಾನ್ಯವಾಗಿ 'ಕಲಿಕೆಗೆ ವಯಸ್ಸಿಲ್ಲ' ಎಂದು ಹೊಗಳಿ ಸುಮ್ಮನಾಗುತ್ತಾರೆ. ಕಲಿಕೆಗೆ ವಯಸ್ಸಿಲ್ಲ, ಒಪ್ಪೋಣ. ಆದರೆ ವಕೀಲಿಯಲ್ಲಿ ಕಷ್ಟ ಶುರುವಾಗುವುದು ಕಲಿಕೆ ಮುಗಿದ ಮೇಲೆ. ಅದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಈಗ ಈ ಮಾತು ಎತ್ತಲು ಕಾರಣವಿದೆ. 2025ರ ಆಗಸ್ಟ್ 17ರಂದು ಭಾರತದ ಆಗಿನ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಅವರು ಬಾಂಬೆ ಹೈಕೋರ್ಟಿನ ಕೊಲ್ಹಾಪುರ ಸಂಚಾರಿ ಪೀಠವನ್ನು ಉದ್ಘಾಟಿಸಿದರು. ಮರುದಿನದಿಂದ ಕಲಾಪ ಶುರುವಾಯಿತು. ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ರತ್ನಾಗಿರಿ, ಸಿಂಧುದುರ್ಗ ಈ ಆರು ಜಿಲ್ಲೆಗಳ ಪ್ರಕರಣಗಳು ಈಗ ಇಲ್ಲಿಗೆ ಬರುತ್ತವೆ. ಇದಕ್ಕಾಗಿ ಇಲ್ಲಿನ ವಕೀಲರು ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹೋರಾಡಿದ್ದರು. ನಮ್ಮವರಿಗೆ ಇದು ಅಪರಿಚಿತ ಕಥೆಯಲ್ಲ. ಧಾರವಾಡದಲ್ಲಿ 2008ರ ಜುಲೈನಲ್ಲಿ ಸಂಚಾರಿ ಪೀಠ ಬರುವ ಮುಂಚೆ ಹುಕ್ಕೇರಿ, ಚಿಕ್ಕೋಡಿ ಕಡೆಯ ರೈತ ಒಂದು ಮೇಲ್ಮನವಿಗೆ ಬೆಂಗಳೂರಿನ ರೈಲು ಹತ್ತಬೇಕಿತ್ತು. ಅದೇ ಸೀಮೆಯ ಹಿರಣ್ಯಕೇಶಿ ನದಿಯ ದಂಡೆಯಲ್ಲೇ ಮೇಲಕ್ಕಿರುವ ಗಡಹಿಂಗ್ಲಜದ ರೈತ ಮುಂಬೈಯ ರಾತ್ರಿ ಬಸ್ಸು ಹತ್ತುತ್ತಿದ್ದ. ಒಂದೇ ನದಿ, ಒಂದೇ ಮನೆತನದ ಜಗಳ, ಎರಡು ದಿಕ್ಕಿಗೆ ಪ್ರಯಾಣ. ಮಹಾರಾಷ್ಟ್ರದ ಕಡೆಯವರಿಗೆ ಆ ರಾತ್ರಿ ಬಸ್ಸು ತಪ್ಪಲು ಇನ್ನೂ ಹದಿನೇಳು ವರ್ಷ ಬೇಕಾಯಿತು.

ಪೀಠ ಬಂದ ಮೇಲೆ ಊರಿನಲ್ಲಿ ವಕೀಲಿಯ ಬೆಲೆ ಏರಿತು. 'ಎಲ್‌ಎಲ್.ಬಿ. ಮಾಡಿ ಏನು ಮಾಡುತ್ತೀ' ಎಂದು ಕೇಳುತ್ತಿದ್ದವರೇ ಸಿಇಟಿ ಯಾವಾಗ ಎಂದು ವಿಚಾರಿಸತೊಡಗಿದರು.

ವಯಸ್ಸಿನ ಬಾಗಿಲು ತೆರೆದೇ ಇದೆ. ಆದರೆ ಅದನ್ನು ಮುಚ್ಚಲು ಎರಡು ಸಲ ಪ್ರಯತ್ನ ನಡೆದಿತ್ತು. ತೊಂಬತ್ತರ ದಶಕದಲ್ಲಿ ಭಾರತೀಯ ವಕೀಲರ ಪರಿಷತ್ತು, ನಲವತ್ತೈದು ತುಂಬಿದವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಳ್ಳಬಾರದು ಎಂದು ನಿಯಮ ಮಾಡಿತು. ಸರ್ಕಾರಿ ನೌಕರಿಯಿಂದ ನಿವೃತ್ತರಾಗಿ ಬಂದವರು ಹಳೆ ಪರಿಚಯ ಬಳಸಿ ಕೇಸು ಹಿಡಿಯುತ್ತಾರೆ ಎಂಬುದು ಅದರ ವಾದ. ಸುಪ್ರೀಂ ಕೋರ್ಟ್ 1995ರ ಜನವರಿಯಲ್ಲಿ ಆ ನಿಯಮವನ್ನು ತಳ್ಳಿಹಾಕಿತು. 1961ರ ವಕೀಲರ ಕಾಯ್ದೆ ಕೇಳುವುದು ಇಪ್ಪತ್ತೊಂದು ತುಂಬಿರಬೇಕು ಎಂಬ ಕೆಳಮಿತಿಯನ್ನಷ್ಟೇ. ಮೇಲ್ಮಿತಿ ಅದರಲ್ಲಿ ಇಲ್ಲ. ನ್ಯಾಯಾಲಯ ಹಿಡಿದ ಇನ್ನೊಂದು ಎಳೆ ನನಗೆ ಇಷ್ಟ: ಹರೆಯದಲ್ಲೇ ಸನದು ಪಡೆದು ಬೇರೆ ಉದ್ಯೋಗಕ್ಕೆ ಹೋಗಿ ಐವತ್ತಕ್ಕೆ ಮರಳಿ ಬಂದವನನ್ನು ಈ ನಿಯಮ ತಡೆಯುವುದಿಲ್ಲ, ಐವತ್ತಕ್ಕೆ ಹೊಸದಾಗಿ ಬಂದವನನ್ನು ಮಾತ್ರ ತಡೆಯುತ್ತದೆ. ಇದೆಂಥ ನ್ಯಾಯ?

ಎರಡನೇ ಪ್ರಯತ್ನ ಕಾಲೇಜಿನ ಬಾಗಿಲಲ್ಲಿ ನಡೆಯಿತು. ಮೂರು ವರ್ಷದ ಕೋರ್ಸಿಗೆ ಸೇರಲು ಮೂವತ್ತೇ ಮಿತಿ ಎಂದು 2008ರ ನಿಯಮಾವಳಿ ಹೇಳಿತ್ತು. ನಡುವೆ ಕೈಬಿಟ್ಟಿದ್ದ ಅದನ್ನು 2016ರ ಸೆಪ್ಟೆಂಬರಿನಲ್ಲಿ ಪರಿಷತ್ತು ಮತ್ತೆ ಜಾರಿ ಮಾಡಿದಾಗ, 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಕಾಕೂ ಕಾಲೇಜು ಮೆಟ್ಟಿಲು ಹತ್ತಿದ್ದು ಆ ತಡೆಯಾಜ್ಞೆಯ ಬಲದಿಂದ.

ಹಾಗಾದರೆ ತಡೆಯುವುದು ಯಾವುದು? ಸಣ್ಣ ಸಣ್ಣ ಸಂಗತಿಗಳು. ಪದವಿಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 45 ಅಂಕ ಬೇಕು. ತೊಂಬತ್ತರ ದಶಕದಲ್ಲಿ ಹೊಲ, ಮಗ್ಗ, ಮದುವೆಗಳ ನಡುವೆ ಬಿ.ಎ. ಮುಗಿಸಿದವರಲ್ಲಿ ಎಷ್ಟೋ ಜನರದ್ದು 'ಪಾಸ್ ಕ್ಲಾಸ್'. ಆಗ ಪಾಸಾದರೆ ಸಾಕಿತ್ತು. ಮೂವತ್ತು ವರ್ಷದ ನಂತರ ಒಂದು ಪದವಿ ಪ್ರಮಾಣಪತ್ರ ಹೀಗೆ ಎದ್ದು ಬಂದು ಕಾಲು ಹಿಡಿದೆಳೆಯುತ್ತದೆ ಎಂದು ಯಾರು ಎಣಿಸಿದ್ದರು? ಇನ್ನು ಮುಕ್ತ ವಿಶ್ವವಿದ್ಯಾಲಯದ ಪದವೀಧರರು. ನಾಸಿಕದ ಯಶವಂತರಾವ್ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾಲಯ 1989ರಲ್ಲಿ ಹುಟ್ಟಿದ್ದು ಶಾಲೆ ಅರ್ಧಕ್ಕೆ ಬಿಟ್ಟವರಿಗಾಗಿಯೇ. ಮದುವೆಯಾದ ಮೇಲೆ ಅಲ್ಲಿ ಬಿ.ಎ. ಮಾಡಿದ ಹೆಣ್ಣುಮಕ್ಕಳು ಈ ಸೀಮೆಯ ಪ್ರತಿ ಹಳ್ಳಿಯಲ್ಲೂ ಸಿಗುತ್ತಾರೆ. ಆದರೆ ಹತ್ತನೆಯ, ಹನ್ನೆರಡನೆಯ ತರಗತಿ ಪಾಸಾಗದೆ ನೇರ ಪದವಿಗೆ ಜಿಗಿದವರನ್ನು ಕಾನೂನು ಕಾಲೇಜು ಸೇರಿಸಿಕೊಳ್ಳುವುದಿಲ್ಲ. ಹನ್ನೆರಡನೆಯದು ಪಾಸಾಗಿ ಆಮೇಲೆ ಮುಕ್ತ ಪದವಿ ಪಡೆದವರಿಗೆ ಅಡ್ಡಿಯಿಲ್ಲ. ಈ ವ್ಯತ್ಯಾಸ ಎಷ್ಟೋ ಜನರಿಗೆ ತಿಳಿಯುವುದು ಪ್ರವೇಶದ ಕಿಟಕಿಯ ಮುಂದೆ, ಕಾಗದ ತಿರುಗಿ ಕೈಗೆ ಬಂದಾಗ.

ಸಿಇಟಿ ದೊಡ್ಡ ಭೂತವಲ್ಲ. ಕಾನೂನು ಅಭಿರುಚಿ, ಸಾಮಾನ್ಯ ಜ್ಞಾನ, ತರ್ಕ, ಇಂಗ್ಲಿಷ್. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ದಿನಾ ಪೇಪರ್ ಓದುವವರು ಹೇಗೋ ದಾಟುತ್ತಾರೆ.

ನಿಜವಾದ ಗೋಡೆ ಹಾಜರಿ. ಕಾನೂನು ಪದವಿಯನ್ನು ಅಂಚೆ ಮೂಲಕ ಮಾಡಿದರೆ ಸನದು ಸಿಗದು. ಪ್ರತಿ ವಿಷಯದಲ್ಲೂ ಶೇ 70 ಹಾಜರಿ ಬೇಕು. ಗಡಹಿಂಗ್ಲಜದಿಂದ ಕೊಲ್ಹಾಪುರಕ್ಕೆ ನಿಪ್ಪಾಣಿ ಮೇಲೆ ಹಾಯ್ದು ಹೋಗುವ ಎಸ್‌ಟಿ ಬಸ್ಸಿನಲ್ಲಿ ಎರಡು ಗಂಟೆಯಂತೂ ಹಿಡಿಯುತ್ತದೆ. ಮಹಾರಾಷ್ಟ್ರದಲ್ಲಿ ಹತ್ತಿ ಕರ್ನಾಟಕ ಹೊಕ್ಕು ಮತ್ತೆ ಮಹಾರಾಷ್ಟ್ರದಲ್ಲಿ ಇಳಿಯುವ ಪ್ರಯಾಣ. 2023ರ ಮಾರ್ಚ್ 17ರಿಂದ ಮಹಾರಾಷ್ಟ್ರದ ಎಸ್‌ಟಿಯಲ್ಲಿ ಹೆಣ್ಣುಮಕ್ಕಳಿಗೆ ಅರ್ಧ ಟಿಕೆಟ್. ಅದೇ ವರ್ಷ ಜೂನ್ 11ರಿಂದ ಕರ್ನಾಟಕದಲ್ಲಿ 'ಶಕ್ತಿ'. ಸಂಕೇಶ್ವರದ ತಂಗಿ ಬಿಟ್ಟಿ ಬಸ್ಸಿನಲ್ಲಿ ಬೆಳಗಾವಿಗೆ ಹೋಗಿ ರಾಜಾ ಲಖಮಗೌಡ ಕಾನೂನು ಕಾಲೇಜಿನಲ್ಲಿ ಓದಬಹುದು, ಗಡಹಿಂಗ್ಲಜದ ಅಕ್ಕ ಅರ್ಧ ಟಿಕೆಟ್ಟಿಗೆ ಕೊಲ್ಹಾಪುರಕ್ಕೆ ಹೋಗಿ ಶಹಾಜಿ ಕಾನೂನು ಕಾಲೇಜಿನಲ್ಲಿ ಓದಬಹುದು. ಮೊದಲನೆಯದು 1939ರದ್ದು, ಎರಡನೆಯದು 1933ರದ್ದು. ಟಿಕೆಟ್ಟಿನ ಲೆಕ್ಕ ಸರ್ಕಾರ ನೋಡಿಕೊಂಡಿತು. ಐದು ಗಂಟೆಗೆ ಎದ್ದು ಭಕ್ಕರಿ ಬಡಿದು, ನೀರು ಬರುವ ದಿನ ನೀರು ಹಿಡಿದು, ಆರೂವರೆಗೆ ಸ್ಟ್ಯಾಂಡಿನಲ್ಲಿ ನಿಲ್ಲುವ ಲೆಕ್ಕ ಮಾತ್ರ ಮನೆಯವರೇ ನೋಡಿಕೊಳ್ಳಬೇಕು. ಮನೆಯವರೆಂದರೆ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ನೌಕರಿಯಲ್ಲಿರುವವರಿಗೆ ಇನ್ನೊಂದು ಗಂಟು. ಪೂರ್ಣಾವಧಿ ಸಂಬಳದ ಕೆಲಸದಲ್ಲಿ ಇರುವವರು ವಕೀಲಿ ಮಾಡುವಂತಿಲ್ಲ. ಓದಿ ಪಾಸಾಗಬಹುದು, ಸನದು ಬೇಕೆಂದರೆ ನೌಕರಿ ಬಿಡಬೇಕು. ಹಾಗಾಗಿ ಇಚಲಕರಂಜಿಯಲ್ಲಿ ನಾನು ಮಾತಾಡಿಸಿದ ದಿವಾಣಜಿಯೊಬ್ಬರು ಪದವಿಯನ್ನು ಕಪಾಟಿನಲ್ಲಿಟ್ಟು ಎರಡು ವರ್ಷ ಯೋಚಿಸಿದರು. ಮಗಳ ಮದುವೆಯಾದ ಮೇಲೆ ಪೇಢಿಗೆ ರಾಮ್‌ರಾಮ್ ಹೇಳಿದರು. ಆಗ ಅವರಿಗೆ ಐವತ್ತೆರಡು.

ದಿವಾಣಜಿ ಎಂದರೆ ಅಲ್ಲಿನ ಬಟ್ಟೆ ಪೇಢಿಯ ಲೆಕ್ಕ ಬರೆಯುವವರು. 1904ರಲ್ಲಿ ವಿಠ್ಠಲರಾವ್ ದಾತಾರ ಅವರು ಮೊದಲ ಯಂತ್ರಮಗ್ಗ ಹಾಕಿದ ಊರು ಇಚಲಕರಂಜಿ. ಜಹಗೀರದಾರ ನಾರಾಯಣರಾವ್ ಘೋರ್ಪಡೆಯವರ ಆಸರೆಯಲ್ಲಿ ಆ ಉದ್ಯಮ ಬೇರುಬಿಟ್ಟಿತು. ಈಗಲೂ ಗಲ್ಲಿಯೊಳಗೆ ಕಾಲಿಟ್ಟರೆ ಖಟಖಟ ಸದ್ದಿನಲ್ಲಿ ಮಾತು ಕೇಳಿಸದು. ಅಲ್ಲಿ 'ಖರ್ಚೀವಾಲಾ' ಎಂದು ಕರೆಸಿಕೊಳ್ಳುವ ಸಣ್ಣ ಮಗ್ಗದವರಿಗೆ ಸ್ವಂತ ನೂಲಿಲ್ಲ. ವ್ಯಾಪಾರಿ ನೂಲು ಕೊಡುತ್ತಾನೆ, ಇವರು ನೇಯ್ದುಕೊಡುತ್ತಾರೆ, ಪಿಕ್ಕಿನ (ಅಡ್ಡ ಎಳೆಯ) ಲೆಕ್ಕದಲ್ಲಿ ಮಜೂರಿ ಬರುತ್ತದೆ. ನೂಲು ಸಾಲದಲ್ಲಿ, ಬಟ್ಟೆ ಸಾಲದಲ್ಲಿ, ಮಜೂರಿಯೂ ಮುಂದಿನ ತಾರೀಖಿನ ಚೆಕ್ಕಿನಲ್ಲಿ. ಪೇಟೆ ಕುಸಿದರೆ ಚೆಕ್ಕುಗಳು ಸಾಲಾಗಿ ವಾಪಸು ಬರುತ್ತವೆ.

ಆ ದಿವಾಣಜಿ ಮೂರು ದಶಕ ಮಾಡಿದ ಕೆಲಸದಲ್ಲಿ ಅರ್ಧ ಇದೇ. ಚೆಕ್ಕಿನ ತಾರೀಖಿನಿಂದ ಮೂರು ತಿಂಗಳೊಳಗೆ ಬ್ಯಾಂಕಿಗೆ ಹಾಕಬೇಕು. ಹಣವಿಲ್ಲವೆಂದು ಬ್ಯಾಂಕು ತಿಳಿಸಿದ 30 ದಿನದೊಳಗೆ ನೋಟಿಸ್ ಕಳಿಸಬೇಕು. ನೋಟಿಸ್ ಮುಟ್ಟಿದವನಿಗೆ ಹಣ ಕೊಡಲು 15 ದಿನ. ಕೊಡದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಇದು ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು, 1989ರಿಂದ ಜಾರಿಯಲ್ಲಿದೆ. ದಿವಾಣಜಿಯವರ ಮೇಜಿನ ಮೇಲೆ ಒಂದು ಹಳೆ ಲೆಜರ್ ಇತ್ತು. ಅದರ ಕೊನೆಯ ಪುಟಗಳಲ್ಲಿ ನಾಲ್ಕು ಕಾಲಂ ಎಳೆದು, ಯಾವ ಚೆಕ್ಕು ಯಾವಾಗ ವಾಪಸು, ರಿಜಿಸ್ಟರ್ ಪೋಸ್ಟಿನ ರಶೀದಿ ನಂಬರೇನು, ಪೋಚ್‌ಪಾವತಿ (ಮುಟ್ಟಿದ ರಶೀದಿ) ತಿರುಗಿ ಬಂತೋ ಇಲ್ಲವೋ, ಕೊನೆಯ ದಿನ ಯಾವುದು ಎಂದು ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದರು. ಪೋಚ್‌ಪಾವತಿ ಬಾರದ ಕಡೆ ಲಕೋಟೆಯನ್ನೇ ಪಿನ್ ಹಾಕಿ ಇಟ್ಟಿದ್ದರು. ತರಗತಿಯಲ್ಲಿ ಪ್ರಾಧ್ಯಾಪಕರು ಈ ಪಾಠ ಮಾಡುವಾಗ ಇವರು ನಗುತ್ತಿದ್ದರಂತೆ. "ಇದೆಲ್ಲಾ ಮೊದಲ ಗೊತ್ತಿತ್ತರಿ ನಮಗ. ಗೊತ್ತಿದ್ದದ್ದಕ್ಕ ಪರೀಕ್ಷಾ ಬರದು ಪಾಸಾದ್ವಿ, ಅಷ್ಟ."

ನಡುವಯಸ್ಸಿನಲ್ಲಿ ಓದುವವರ ನೆನಪಿನ ಶಕ್ತಿ ಕುಂದಿರುತ್ತದೆ ಎನ್ನುತ್ತಾರೆ. ಕುಂದಿರಬಹುದು. ಆದರೆ ಇಪ್ಪತ್ತೆರಡರ ಹುಡುಗ ಕಲಮು ಬಾಯಿಪಾಠ ಮಾಡುವಾಗ ಅದರ ಹಿಂದೆ ಒಂದು ಮುಖವೂ ಇರುವುದಿಲ್ಲ. ಇವರಿಗೆ ಪ್ರತಿ ಕಲಮಿನ ಹಿಂದೆ ಒಬ್ಬ ವ್ಯಾಪಾರಿ, ಒಂದು ವಾಪಸು ಬಂದ ಚೆಕ್ಕು, ಒಂದು ಜಗಳ ಇದೆ. ಕಾಕೂ ಕಥೆಯೂ ಹಾಗೆಯೇ. ಅವರ ಗಂಡನ ಮನೆಯ ಹೊಲದಲ್ಲಿ ಒಂದಿಷ್ಟು ಗಡಹಿಂಗ್ಲಜ ತಾಲ್ಲೂಕಿನಲ್ಲಿ, ಒಂದಿಷ್ಟು ಹುಕ್ಕೇರಿ ತಾಲ್ಲೂಕಿನಲ್ಲಿ. ಮಾವ ತೀರಿಕೊಂಡ ಮೇಲೆ ವಾಟ್ನಿ, ಅಂದರೆ ಪಾಲು, ಆಗಬೇಕಾಯಿತು. ಈ ಕಡೆ ಸಾತ್‌ಬಾರಾ ಉತಾರಾ, ಅಂದರೆ ಗ್ರಾಮದ ನಮೂನೆ ಏಳು ಮತ್ತು ಹನ್ನೆರಡು. ಏಳರಲ್ಲಿ ಒಡೆತನ, ಹನ್ನೆರಡರಲ್ಲಿ ಬೆಳೆ. ವಾರಸಾ ನೋಂದಣಿಗೆ ಫೇರ್‌ಫಾರ್. ಆ ಕಡೆ ಉತಾರಾದ ಜಾಗದಲ್ಲಿ ಪಹಣಿ, ವಾರಸಾ ನೋಂದಣಿಗೆ ಎಂ.ಆರ್. ಇಲ್ಲಿ 'ಇತರ ಹಕ್ಕ' ಎಂಬ ಅಂಕಣದಲ್ಲಿ ಸೊಸೈಟಿ ಸಾಲದ ಬೋಜಾ ಕೂತಿದ್ದರೆ, ಅಲ್ಲಿ ಪಹಣಿಯ 11ನೇ ಕಾಲಂ ನೋಡಬೇಕು. ಮಾವ ಎಂದೋ ತೀರಿಸಿದ್ದ ಬೆಳೆ ಸಾಲವೊಂದು ಇಲ್ಲಿನ ಉತಾರಾದಲ್ಲಿ ಇನ್ನೂ ಜೀವಂತವಾಗಿತ್ತು. ಸೊಸೈಟಿಯ ಬೇಬಾಕಿ ದಾಖಲೆ ಹುಡುಕಿ, ತಲಾಠಿಯ (ಗ್ರಾಮಲೆಕ್ಕಿಗನ) ಬಳಿ ಅಲೆದು, ಆ ಬೋಜಾ ತೆಗೆಸುವಷ್ಟರಲ್ಲಿ ಅವರಿಗೆ ಎರಡೂ ರಾಜ್ಯದ ಕಂದಾಯ ಕಾಗದ ಓದಲು ಬಂದಿತ್ತು. ಮರಾಠಿಯದ್ದು ಶಾಲೆಯಿಂದ, ಕನ್ನಡದ್ದು ಸಂಕೇಶ್ವರದ ತವರಿನ ಅಣ್ಣನಿಂದ. ಅವರ ವಕೀಲರಿಗೆ ಕನ್ನಡದ ಪಹಣಿ ಓದಿ ಹೇಳುತ್ತಿದ್ದವರು ಇವರೇ. ಫೀಸು ಕೊಟ್ಟವರೂ ಇವರೇ. "ಹಂಗಾರ ನಾನ ಯಾಕ ಕಲೀಬಾರದು ಅನಿಸ್ತು" ಎಂದರು.

2024ರ ಜುಲೈ 1 ಇಂಥವರ ಪಾಲಿಗೆ ಒಂದು ವಿಚಿತ್ರ ವರ. ಅಂದು 1860ರ ಭಾರತೀಯ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ, 1872ರ ಸಾಕ್ಷ್ಯ ಕಾಯ್ದೆ ಮೂರೂ ಹೋಗಿ ಹೊಸ ಮೂರು ಕಾಯ್ದೆಗಳು ಬಂದವು. ಮೂವತ್ತು ವರ್ಷ 302, 420 ಎಂದು ನಾಲಿಗೆ ತಿರುಗಿಸಿದ ಹಿರಿಯರು 103, 318 ಎಂದು ಹೇಳಲು ತಡವರಿಸುತ್ತಿದ್ದರು. ಬಾರ್ ರೂಮಿನಲ್ಲಿ ಎಲ್ಲರ ಬಗಲಲ್ಲೂ ಹೊಸ ಬೇರ್ ಆ್ಯಕ್ಟ್, ಹಳೆ ಕಲಮು ಹೊಸ ಕಲಮುಗಳ ಹೋಲಿಕೆಯ ತಖ್ತೆ. ಅರವತ್ತರ ಸೀನಿಯರೂ ಮಧ್ಯವಯಸ್ಸು ದಾಟಿ ಮತ್ತೆ ವಿದ್ಯಾರ್ಥಿ. ಆಗ ಕಾಲೇಜಿನಲ್ಲಿ ಓದುತ್ತಿದ್ದ ಬ್ಯಾಚಿನವರಿಗೆ ಮರೆಯಬೇಕಾದದ್ದು ಏನೂ ಇರಲಿಲ್ಲ.

ಈ ನೆಲಕ್ಕೆ ಓದು ಹೊಸದಲ್ಲ. ರಾಜರ್ಷಿ ಶಾಹೂ ಮಹಾರಾಜರು 1917ರಲ್ಲಿ ಕಡ್ಡಾಯ ಉಚಿತ ಪ್ರಾಥಮಿಕ ಶಿಕ್ಷಣದ ಆದೇಶ ಹೊರಡಿಸಿದ, ಒಂದೊಂದು ಸಮುದಾಯಕ್ಕೂ ವಸತಿಗೃಹ ಕಟ್ಟಿಸಿದ, ಅಸ್ಪೃಶ್ಯರೆನಿಸಿಕೊಂಡವರಿಗೆ ವಕೀಲಿ ಸನದು ಕೊಟ್ಟ ಕೊಲ್ಹಾಪುರ ಸಂಸ್ಥಾನವಿದು. 1880ರಲ್ಲಿ ಶುರುವಾದ ಇಲ್ಲಿನ ರಾಜಾರಾಮ ಕಾಲೇಜಿನಲ್ಲಿ ಕೆ.ಜಿ. ಕುಂದಣಗಾರ ಕನ್ನಡ ಕಲಿಸಿದರು, ಸದಲಗಾದ ಆ.ನೇ. ಉಪಾಧ್ಯೆ ಅರ್ಧಮಾಗಧಿ ಕಲಿಸಿದರು. ಇಬ್ಬರೂ ಮುಂದೆ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ತಡವಾಗಿ ಓದಿದವರ ಮಾತು ಬಂದಾಗ ನನಗೆ ನೆನಪಾಗುವುದು ಬೇಂದ್ರೆ. 1918ರಲ್ಲಿ ಬಿ.ಎ. ಆಗಿ ಧಾರವಾಡದಲ್ಲಿ ಮಾಸ್ತರಿಕೆ ಮಾಡುತ್ತಿದ್ದವರು ಕವಿತೆಯೊಂದರ ದೆಸೆಯಿಂದ ಜೈಲು ಕಂಡು ಕೆಲಸ ಕಳೆದುಕೊಂಡರು. ಎಂ.ಎ. ಮುಗಿಸಿದ್ದು 1935ರಲ್ಲಿ, ನಲವತ್ತರ ಅಂಚಿನಲ್ಲಿ, ಸಂಸಾರ ಹೊತ್ತುಕೊಂಡು. ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಪ್ರಾಧ್ಯಾಪಕರಾದದ್ದು 1944ರಲ್ಲಿ. ಆಗ ಅವರಿಗೆ ನಲವತ್ತೆಂಟು. ಪದವಿಗೂ ಕುರ್ಚಿಗೂ ನಡುವಿನ ಆ ಒಂಬತ್ತು ವರ್ಷಗಳ ಬಗ್ಗೆ ಅಭಿನಂದನ ಗ್ರಂಥಗಳಲ್ಲಿ ಹೆಚ್ಚು ಬರೆಯುವವರಿಲ್ಲ.

ವಕೀಲಿಯಲ್ಲೂ ಆ ನಡುವಿನ ವರ್ಷಗಳೇ ಕಠಿಣ. ಸನದಿನ ಖರ್ಚು ಈಗ ಇಳಿದಿದೆ. ರಾಜ್ಯ ಪರಿಷತ್ತುಗಳು ಸಾವಿರಗಟ್ಟಲೆ ಕೇಳುತ್ತಿದ್ದುದನ್ನು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ತಡೆದು, ಕಾಯ್ದೆಯಲ್ಲಿರುವ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ ಮೀರಕೂಡದು ಎಂದಿತು. ಅಖಿಲ ಭಾರತ ವಕೀಲರ ಪರೀಕ್ಷೆಯಲ್ಲಿ ಟಿಪ್ಪಣಿಯಿಲ್ಲದ ಬೇರ್ ಆ್ಯಕ್ಟ್ ಜೊತೆಗೊಯ್ಯಬಹುದು. ಅದನ್ನೂ ಪಾಸಾದ ಮೇಲೆ ಕರಿ ಕೋಟು ಹೊಲಿಸಿಕೊಂಡು ಎಲ್ಲಿ ಕೂರಬೇಕು? ಒಬ್ಬ ಸೀನಿಯರ್ ಬೇಕು. ಜೂನಿಯರ್ ಎಂದರೆ ಬೆಳಿಗ್ಗೆ ಫೈಲು ಹೊರುವುದು, ಬೋರ್ಡು ನೋಡುವುದು, ಸೀನಿಯರ್ ಬೇರೆ ಕೋರ್ಟಿನಲ್ಲಿದ್ದಾರೆ ಎಂದು ಕೈಮುಗಿದು ತಾರೀಖು ಕೇಳುವುದು, ನಕಲು ವಿಭಾಗದಲ್ಲಿ ಸಾಲು ನಿಲ್ಲುವುದು. ಜೂನಿಯರಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಕೊಡಿರೆಂದು ವಕೀಲರ ಪರಿಷತ್ತು 2024ರ ಅಕ್ಟೋಬರಿನಲ್ಲಿ ಸಲಹೆ ಕೊಟ್ಟಿತು. ಸಲಹೆ ಅಷ್ಟೇ, ಕಡ್ಡಾಯವಲ್ಲ. ತಾಲ್ಲೂಕು ಕೋರ್ಟಿನಲ್ಲಿ ಆ ಮಾತೆತ್ತಿದರೆ ಸೀನಿಯರುಗಳು ಚಹಾ ತರಿಸಿ ವಿಷಯ ಬದಲಿಸುತ್ತಾರೆ. ಇಪ್ಪತ್ತೈದರ ಹುಡುಗನನ್ನು ಅಪ್ಪ ಸಾಕುತ್ತಾನೆ. ನಲವತ್ತೆಂಟರ ಜೂನಿಯರನ್ನು ಯಾರು ಸಾಕಬೇಕು? ಅದಕ್ಕೇ ಈ ದಾರಿ ಹಿಡಿದವರಲ್ಲಿ ಪಿಂಚಣಿ ಇರುವವರು, ಹೊಲವಿರುವವರು, ದುಡಿಯುವ ಸಂಗಾತಿ ಇರುವವರೇ ಹೆಚ್ಚು. ಕೂಲಿಯವನು ನಡುವಯಸ್ಸಿನಲ್ಲಿ ವಕೀಲನಾದ ಕಥೆ ಅಪರೂಪ. ಅದಕ್ಕೆ ಬುದ್ಧಿ ಕಾರಣವಲ್ಲ.

ಲೆಕ್ಕಪರಿಶೋಧಕರ ಓದಿನಲ್ಲೂ ಇದೇ ತೊಡಕು. ಚಾರ್ಟರ್ಡ್ ಅಕೌಂಟೆಂಟ್ ಆಗಲು ವಯಸ್ಸಿನ ಮಿತಿಯಿಲ್ಲ, ಇಚಲಕರಂಜಿಯಲ್ಲಿ ಲೆಕ್ಕಪರಿಶೋಧಕರ ಸಂಸ್ಥೆಯ ಶಾಖೆಯೇ ಇದೆ. ಆದರೆ ಆರ್ಟಿಕಲ್‌ಶಿಪ್ ಎಂಬ ತರಬೇತಿ ಬಿಡುವಂತಿಲ್ಲ. ಮೂರು ವರ್ಷವಿದ್ದದ್ದು 2023ರ ಹೊಸ ಯೋಜನೆಯಲ್ಲಿ ಎರಡಕ್ಕೆ ಇಳಿದಿದೆ. ಎರಡು ವರ್ಷ ಅಲ್ಪ ಭತ್ಯೆಯಲ್ಲಿ ಬದುಕಲು ಯಾವ ದಿವಾಣಜಿಗೆ ಸಾಧ್ಯ?

ಸೀನಿಯರುಗಳ ಸಂಕಟವೂ ಕೇಳುವಂಥದ್ದೇ. ಕಾಕೂ ಅವರನ್ನು ಕಚೇರಿಗೆ ಸೇರಿಸಿಕೊಂಡ ವಕೀಲರಿಗೆ ಮೂವತ್ನಾಲ್ಕು. ಮೊದಲು ಹಿಂದೆಮುಂದೆ ನೋಡಿದರಂತೆ. "ಜೂನಿಯರ್ ಅಂದ್ರ ಬೈಬೇಕಾಗತೈತ್ರಿ. ಇವರನ್ನ ಹ್ಯಾಂಗ ಬೈಯೂದು? ನಮ್ಮ ಚಿಗವ್ವನ ವಾರಗೀಯವರು." ಅವರು ಇವರನ್ನು 'ಅಕ್ಕಾರ' ಎನ್ನುತ್ತಾರೆ, ಇವರು ಅವರನ್ನು 'ಸರ್' ಎನ್ನುತ್ತಾರೆ. ಬೈಗುಳದ ಕೆಲಸವನ್ನು ಗುಮಾಸ್ತರಿಗೆ ಬಿಟ್ಟಿದ್ದಾರೆ. ಮೂರು ತಿಂಗಳಲ್ಲಿ ಕೆಲಸ ತಾನಾಗಿ ಹಂಚಿಹೋಯಿತು. ಇ-ಫೈಲಿಂಗ್, ತೀರ್ಪುಗಳ ಹುಡುಕಾಟ ಸೀನಿಯರಿನದು. ಎರಡೂ ರಾಜ್ಯದ ಉತಾರಾ, ಪಹಣಿ ಓದಿ ಒಂದೇ ಹಾಳೆಯಲ್ಲಿ ತಖ್ತೆ ಮಾಡುವುದು, ಹಳ್ಳಿಯಿಂದ ಬಂದ ಮುದುಕಿಯ ಬಾಯಿಂದ ನಿಜ ಹೊರಡಿಸುವುದು ಜೂನಿಯರಿನದು. ವಾಟ್ನಿ ದಾವೆಯ ಕಕ್ಷಿದಾರರು ಈಗ ಬಾಗಿಲಲ್ಲೇ 'ಅಕ್ಕಾ ಅದಾರೇನ್ರಿ' ಎಂದು ಕೇಳಿ ಒಳಗೆ ಬರುತ್ತಾರಂತೆ. ಸಂಬಳವಿಲ್ಲ. ಫೈಲಿನ ಮೇಲೆ ಪಾಲು.

ಮುಂದೇನು ಎಂದು ಕೇಳಿದೆ. ಕಿರಿಯ ನ್ಯಾಯಾಧೀಶರ ಪರೀಕ್ಷೆಗೆ ವಯಸ್ಸಿನ ಮಿತಿ ದಾಟಿ ಎಷ್ಟೋ ವರ್ಷವಾಗಿದೆ. ನೋಟರಿ ಆಗಬೇಕೆಂದು ಅವರಿಗೆ ಆಸೆ. ಕೋರ್ಟಿನ ಮುಂದೆ ಛತ್ರಿ ಕೆಳಗೆ ಕೂತು ಅಫಿಡವಿಟ್ಟಿಗೆ ಮುದ್ರೆ ಒತ್ತಿದರೂ ಮನೆ ನಡೆಯುತ್ತದೆ. ಆದರೆ ಅದಕ್ಕೆ ಹತ್ತು ವರ್ಷದ ವಕೀಲಿ ಬೇಕು. ಮಹಿಳೆಯರಿಗೆ, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ ಏಳು ಸಾಕು. ಕಾಕೂ ಬೆರಳು ಮಡಿಸಿ ಎಣಿಸಿದರು: ಐವತ್ತೈದಕ್ಕೆ ಅರ್ಜಿ ಹಾಕಬಹುದು. ಅದೇ ಲೆಕ್ಕವನ್ನು ಇಚಲಕರಂಜಿಯ ದಿವಾಣಜಿಯವರ ಮುಂದಿಟ್ಟೆ. ಐವತ್ತೆರಡಕ್ಕೆ ಹತ್ತು ಕೂಡಿಸಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಟರಿ ಬ್ಯಾಡ ಬಿಡ್ರಿ. ಈ ಊರಾಗ ಚೆಕ್ಕ ವಾಪಸ ಬರೂದು ನಿಂತಿಲ್ಲಲ್ಲ? ನನಗ 138 ಸಾಕು."